ಜಲಪಾರ್ಶ್ವಪಥದಲ್ಲಿ ದ್ವಿಚಕ್ರಿ–ದ್ವಿಪಾದಿ ಸಂಘರ್ಷ: ಒಂದು ಬಹುಶಿಸ್ತೀಯ ಅನುಸಂಧಾನ

ಪ್ರಸ್ತುತ ಪ್ರಬಂಧವು ಬೈಲಹೊಂಗಲ, ಕಿತ್ತೂರು, ಸವದತ್ತಿ ಮತ್ತು ರಾಮದುರ್ಗ ಸೀಮೆಯ ಕಾಲುವೆ ದಂಡೆಗಳ ಮೇಲೆ ಸೈಕಲ್ ಹೊಡೆಯುವವರಿಗೂ ನಡೆದು ಹೋಗುವವರಿಗೂ ಆಗುವ ಜಗಳವನ್ನು ಕುರಿತದ್ದು. ಜಗಳ ಎಂದರೆ ಅನುದಾನ ಸಿಗುವುದಿಲ್ಲ. ಆದ್ದರಿಂದ ಇದನ್ನು ಮುಂದೆ ‘ಜಲಪಾರ್ಶ್ವೀಯ ಉಭಯಚಲನಾ ಸಂಘರ್ಷ’ ಎಂದೂ, ಸಭಿಕರು ತೂಕಡಿಸತೊಡಗಿದ ಮೇಲೆ ಸಂಕ್ಷೇಪವಾಗಿ ‘ಜಪಾಉಸಂ’ ಎಂದೂ ಕರೆಯಲಾಗುವುದು. ಸೈಕಲ್ಲಿನವನು ದ್ವಿಚಕ್ರಿ, ನಡೆಯುವವನು ದ್ವಿಪಾದಿ. ಸೈಕಲ್ಲಿನವನಿಗೂ ಎರಡು ಕಾಲಿರುತ್ತವಲ್ಲ ಎಂಬ ಆಕ್ಷೇಪ ಗೋಷ್ಠಿಯ ಹಿಂದಿನ ಬೆಂಚಿನಿಂದ ಬಂದಿತ್ತು. ಅದನ್ನು ಭೋಜನ ವಿರಾಮದ ನಂತರ ಎತ್ತಿಕೊಳ್ಳುವುದಾಗಿ ಅಧ್ಯಕ್ಷರು ತಿಳಿಸಿದರು. ವಿರಾಮದ ನಂತರ ಅಧ್ಯಕ್ಷರೇ ಇರಲಿಲ್ಲ.

ವ್ಯಾಪ್ತಿ ಮತ್ತು ಮಿತಿ: ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆ ಎಂ.ಕೆ. ಹುಬ್ಬಳ್ಳಿಯನ್ನು ಹಾದು ಬಂದು ಸವದತ್ತಿ ಹತ್ತಿರದ ನವಿಲುತೀರ್ಥದಲ್ಲಿ ಅಣೆಕಟ್ಟಿಗೆ ಸಿಗುತ್ತದೆ. ಅಲ್ಲಿಂದ ಎಡದಂಡೆ ಕಾಲುವೆ ರಾಮದುರ್ಗದ ಕಡೆ ಹೊರಡುತ್ತದೆ, ಬಲದಂಡೆ ಕಾಲುವೆ ನವಲಗುಂದ, ನರಗುಂದದ ಕಡೆ. ಕಿತ್ತೂರು ಮತ್ತು ಬೈಲಹೊಂಗಲ ಎರಡೂ ಅಣೆಕಟ್ಟಿನ ಮೇಲಿನ ಬದಿಗಿವೆ. ಅಣೆಕಟ್ಟಿನ ಕಾಲುವೆ ಹಿಂದಕ್ಕೆ ಹರಿದು ಆ ಊರುಗಳಿಗೆ ಹೋಗುವ ಸಂಭವ ಕಡಿಮೆ. ಆದರೂ ಅವು ಅಧ್ಯಯನದ ವ್ಯಾಪ್ತಿಯಲ್ಲಿವೆ, ಯಾಕೆಂದರೆ ಆಮಂತ್ರಣ ಪತ್ರಿಕೆ ಅಷ್ಟರಲ್ಲಿ ಅಚ್ಚಾಗಿತ್ತು.

ಐತಿಹಾಸಿಕ ಹಿನ್ನೆಲೆ ಕಡ್ಡಾಯ. ಈ ಭಾಗದ ಯಾವ ಪ್ರಬಂಧವೂ, ಅದು ಹತ್ತಿ ದಲಾಲಿಯ ಬಗ್ಗೆ ಇರಲಿ, ಎಮ್ಮೆಯ ಕೆಚ್ಚಲು ಬಾವಿನ ಬಗ್ಗೆ ಇರಲಿ, ಸವದತ್ತಿಯ ರಟ್ಟ ಅರಸರಿಗೆ ನಮಸ್ಕರಿಸಿ, ಕಿತ್ತೂರು ಚೆನ್ನಮ್ಮನ ಕುದುರೆಗೆ ಪ್ರದಕ್ಷಿಣೆ ಹಾಕಿಯೇ ಮುಂದೆ ಹೋಗಬೇಕು. ಹೀಗಾಗಿ ದಾಖಲಿಸುವುದೇನೆಂದರೆ, ರಟ್ಟರ ಬಳಿ ಸೈಕಲ್ ಇರಲಿಲ್ಲ. 1824ರ ಅಕ್ಟೋಬರ್ 23ರಂದು ಕಿತ್ತೂರಿನಲ್ಲಿ ಬ್ರಿಟಿಷ್ ಕಲೆಕ್ಟರ್ ಥ್ಯಾಕರೆ ಸತ್ತು ಬಿದ್ದಾಗಲೂ ಅಲ್ಲಿ ಸೈಕಲ್ ಇರಲಿಲ್ಲ.

ಆದರೆ ಜರ್ಮನಿಯ ಮಾನ್‌ಹೈಮಿನಲ್ಲಿ ಅಷ್ಟೊತ್ತಿಗೆ ಅದರ ಮುತ್ತಜ್ಜ ಹುಟ್ಟಿ ಏಳು ವರ್ಷವಾಗಿತ್ತು. 1817ರಲ್ಲಿ ಕಾರ್ಲ್ ಡ್ರೈಸ್ ಎಂಬಾತ ಮರದ ಎರಡು ಗಾಲಿಯ ಒಂದು ಯಂತ್ರ ಮಾಡಿದ. ಪೆಡಲ್ ಇಲ್ಲ, ಚೈನ್ ಇಲ್ಲ. ಮೇಲೆ ಕೂತು ಎರಡೂ ಕಾಲಿನಿಂದ ನೆಲ ಒದೆಯುತ್ತ ಓಡಿಸಬೇಕು. (ಇವನು ದ್ವಿಚಕ್ರಿಯೋ ದ್ವಿಪಾದಿಯೋ ಎಂಬ ಪ್ರಶ್ನೆಯೂ ಅಧ್ಯಕ್ಷರ ಬಳಿಯೇ ಇದೆ.) ಕುದುರೆಗಾಡಿಗಳು ಕಿತ್ತು ಹಾಕಿದ್ದ ರಸ್ತೆಯಲ್ಲಿ ಅದು ತೋಲ ಹಿಡಿದು ನಿಲ್ಲುತ್ತಿರಲಿಲ್ಲ. ಸವಾರರು ನಡೆಯುವವರ ಹಾದಿಗೆ ಹತ್ತಿದರು, ಜನ ಬಾಯಿ ಮಾಡಿದರು. ಅದೇ ವರ್ಷ ಮಾನ್‌ಹೈಮ್ ಪಾದಚಾರಿ ಹಾದಿಯ ಮೇಲೆ ಅದನ್ನು ನಿಷೇಧಿಸಿತು. ಬ್ರಿಟನ್, ಅಮೆರಿಕದ ಊರುಗಳೂ ಅದೇ ದಾರಿ ಹಿಡಿದವು. ದೂರದ ಕಲ್ಕತ್ತೆಯೂ ನಿಷೇಧಿಸಿತು. ನಿಷೇಧ ಬಿದ್ದದ್ದು ಮರದ ಗಾಲಿಗೆ. ರಸ್ತೆ ಕಿತ್ತ ಗಾಡಿಗಲ್ಲ. ಪ್ರಬಂಧದಲ್ಲಿ ಉಪಯೋಗಕ್ಕೆ ಬರುವ ಸಂಗತಿ ಬಹುಶಃ ಇದೊಂದೇ, ಆದ್ದರಿಂದ ಗೋಷ್ಠಿಯಲ್ಲಿ ಇದನ್ನು ಓದಲು ಸಮಯ ಸಿಗಲಿಲ್ಲ.

ಈಗ ವರ್ಗೀಕರಣ. ದ್ವಿಪಾದಿಗಳಲ್ಲಿ ಮೊದಲನೆಯದು ವೈದ್ಯಾದಿಷ್ಟ ದ್ವಿಪಾದಿ. ಕಬ್ಬಿನ ಸೀಮೆಯಲ್ಲಿ ಸಕ್ಕರೆ ಕಾಯಿಲೆ ಬಂದು, ಡಾಕ್ಟರ್ ಹೇಳಿದರೆಂದು ನಸುಕಿನಲ್ಲಿ ಮಫ್ಲರ್ ಸುತ್ತಿಕೊಂಡು ನಡೆಯುವವರು ಇವರು. ಮೂವರು ಸಾಲಾಗಿ, ಹಾದಿಯ ಅಗಲಕ್ಕೆ ಹೊಂದಿಕೊಂಡು ಹೋಗುತ್ತಾರೆ, ಮಾತು ಸೊಸೈಟಿ ಚುನಾವಣೆಯದು. ಎರಡನೆಯದು ಭಕ್ತ ದ್ವಿಪಾದಿ. ಬನದ ಹುಣ್ಣಿಮೆ, ಭಾರತ ಹುಣ್ಣಿಮೆ ಬಂತೆಂದರೆ ಸವದತ್ತಿಯ ಸುತ್ತ ಎಲ್ಲೆಲ್ಲಿ ಕಾಲಿಡಲು ಜಾಗವಿದೆಯೋ ಅಲ್ಲೆಲ್ಲ ಯಲ್ಲಮ್ಮನ ಗುಡ್ಡಕ್ಕೆ ಹೊರಟ ಜನ. ಇವರ ‘ಉಧೋ ಉಧೋ’ ಎಂಬ ಧ್ವನಿಸಂಕೇತ ಸೈಕಲ್ ಗಂಟೆಗಿಂತ ದೂರ ಕೇಳುತ್ತದೆ, ಇವರೆದುರು ದ್ವಿಚಕ್ರಿ ತಾನಾಗಿಯೇ ಇಳಿಯುತ್ತಾನೆ. ಇಲ್ಲಿ ಜಪಾಉಸಂ ಶೂನ್ಯ.

ಮೂರನೆಯದು ಭಾರವಾಹಿ ದ್ವಿಪಾದಿ. ತಲೆಯ ಮೇಲೆ ಮೇವಿನ ಹೊರೆ ಹೊತ್ತ ಹೆಂಗಸು. ಹೊರೆ ಎರಡೂ ಕಡೆ ಇಳಿಬಿದ್ದು ಕಿವಿ ಮುಚ್ಚಿರುತ್ತದೆ, ಕುತ್ತಿಗೆ ತಿರುಗುವುದಿಲ್ಲ. ಹಿಂದೆ ಗಂಟೆ ಬಾರಿಸಿದವನು ಹುಡುಗನೋ ಮುದುಕನೋ, ಬಲಕ್ಕೆ ಬರುತ್ತಾನೋ ಎಡಕ್ಕೋ, ನೋಡುವ ಹಾಗಿಲ್ಲ. ಅವಳು ನಿಂತುಬಿಡುತ್ತಾಳೆ, ಅಷ್ಟೆ. ಒಂದು ಬದಿಗೆ ನೀರು, ಇನ್ನೊಂದು ಬದಿಗೆ ಬಳ್ಳಾರಿ ಜಾಲಿ. ಸರಿಯುವುದಾದರೂ ಎಲ್ಲಿಗೆ?

ದ್ವಿಚಕ್ರಿಗಳಲ್ಲಿ ಹದಿನಾಲ್ಕು ಉಪಪ್ರಭೇದಗಳನ್ನು ಗುರುತಿಸಲಾಗಿತ್ತು. ಕ್ಯಾರಿಯರ್ ಮೇಲೆ ಹಾಲಿನ ಕ್ಯಾನ್ ಕಟ್ಟಿದವನು, ನಳಿಗೆಯ ಮೇಲೆ ಮೊಮ್ಮಗನನ್ನು ಕೂರಿಸಿದವನು, ಕಾಲು ಪೆಡಲಿಗೆ ಎಟುಕದೆ ನಳಿಗೆಯ ಕೆಳಗಿಂದ ಒಳಗಾಲು ಹಾಕಿ ಹೊಡೆಯುವ ಹುಡುಗ, ಇತ್ಯಾದಿ. ಅಷ್ಟರಲ್ಲಿ ಮಳೆ ಬಂತು.

ಮಳೆ ಬಿದ್ದ ಎರೆ ಮಣ್ಣಿನಲ್ಲಿ ಸೈಕಲ್ ಹೊಡೆದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಹತ್ತು ಮಾರು ಹೋಗುವಷ್ಟರಲ್ಲಿ ಟೈರಿಗೂ ಮಡ್ಗಾರ್ಡಿಗೂ ನಡುವೆ ಮಣ್ಣು ತುಂಬುತ್ತದೆ. ಗಾಲಿ ಮೊದಲು ನರಳುತ್ತದೆ, ಆಮೇಲೆ ನಿಲ್ಲುತ್ತದೆ. ಇಳಿದು, ಜಾಲಿಯ ಕಡ್ಡಿ ಮುರಿದು, ಮಡ್ಗಾರ್ಡಿನೊಳಗೆ ಕೆದಕಿ, ಬ್ರೇಕಿನ ಸಂದಿನಿಂದ ಬೆರಳಲ್ಲೇ ಮಣ್ಣು ಕಿತ್ತು, ಮತ್ತೆ ಹತ್ತಿ, ಮತ್ತೆ ಹತ್ತು ಮಾರು. ಮೂರನೆಯ ಸಲಕ್ಕೆ ಮನುಷ್ಯ ಸೋತು ಸೈಕಲ್ಲನ್ನೇ ಹೆಗಲಿಗೇರಿಸುತ್ತಾನೆ. ಚಪ್ಪಲಿ ಒಂದೊಂದೂ ಸೇರು ತೂಗುತ್ತಿರುತ್ತದೆ. ಈಗ ಚಕ್ರಗಳು ಮೇಲೆ, ಪಾದಗಳು ಕೆಳಗೆ. ಅವನ ಹಿಂದೆ ಮೇವಿನ ಹೆಂಗಸು, ಅವಳ ತಲೆಯ ಮೇಲೆ ಹೊರೆ, ಅವನ ಹೆಗಲ ಮೇಲೆ ಹೊರೆ. ಇಬ್ಬರೂ ಒಬ್ಬರಿಗೊಬ್ಬರು ಮಾತಾಡುತ್ತ ಹೋಗುತ್ತಾರೆ. ವರ್ಗೀಕರಣವನ್ನು ಇಲ್ಲಿಗೆ ಕೈಬಿಡಲಾಗಿದೆ. ಕೋಷ್ಟಕ 1ರಿಂದ 6ರವರೆಗಿನದನ್ನು ಓದುಗರು ಇಲ್ಲವೆಂದೇ ತಿಳಿಯಬೇಕು.

ಒಣ ದಿನಗಳಲ್ಲಿ ಮಾತ್ರ ಜಪಾಉಸಂ ತನ್ನ ಶಾಸ್ತ್ರೀಯ ರೂಪದಲ್ಲಿ ದೊರೆಯುತ್ತದೆ. ಕ್ಷೇತ್ರಕಾರ್ಯದ ಮಾದರಿ ಸಂವಾದ ಹೀಗಿದೆ:

“ಗಂಟಿ ಹೊಡ್ಯಾಕ ಏನಾಗಿತ್ತೋ ತಮ್ಮಾ?”

“ಹೊಡದೆರಿ ಅಜ್ಜಾರ, ನಿಮಗ ಕೇಳಿಲ್ರಿ.”

“ಕೇಳಿದ್ರ ಎತ್ತಾಗ ಸರೀಬೇಕಿತ್ತು, ಕಾಲಿವ್ಯಾಗ?”

ಹುಡುಗನ ಬಳಿ ಉತ್ತರವಿಲ್ಲ. ಪ್ರಬಂಧದ ಬಳಿಯೂ ಇಲ್ಲ.

ಅಂತಾರಾಷ್ಟ್ರೀಯ ಅನುಭವಗಳ ತೌಲನಿಕ ಅವಲೋಕನವಿಲ್ಲದೆ ಅನುದಾನದ ಕಂತು ಬಿಡುಗಡೆಯಾಗದು. ಇಂಗ್ಲೆಂಡಿನಲ್ಲಿ ಕಾಲುವೆ ದಂಡೆಯ ಹಾದಿ ಮಾಡಿದ್ದು ಕುದುರೆಗಾಗಿ. ಕುದುರೆ ದಂಡೆಯ ಮೇಲೆ ನಡೆಯುತ್ತ ಹಗ್ಗ ಕಟ್ಟಿ ಸರಕಿನ ದೋಣಿ ಎಳೆಯಬೇಕು. ಕುದುರೆ ಹೋಯಿತು, ಹಾದಿ ಉಳಿಯಿತು, ಅದರ ಮೇಲೆ ವಾಯುವಿಹಾರದವರೂ ಆಫೀಸಿಗೆ ಸೈಕಲ್ ತುಳಿಯುವವರೂ ಬಂದರು. ಒಂದು ಕಾಲದಲ್ಲಿ ಅಲ್ಲಿ ಸೈಕಲ್ಲಿಗೆ ಪರವಾನಗಿ ಚೀಟಿ ಬೇಕಾಗಿತ್ತು. ಲಂಡನ್ನಿನ ರೀಜೆಂಟ್ಸ್ ಕಾಲುವೆಯ ಮೇಲೆ ಜಗಳ ಹೆಚ್ಚಾದಾಗ, ಹಿಂದಿನಿಂದ ಬರುವ ಸೈಕಲ್ಲಿನವರು ಎರಡು ಸಲ ‘ಟಿಂಗ್ ಟಿಂಗ್’ ಎನ್ನಿಸಿ ಹೋಗಬೇಕೆಂದು ‘ಟೂ ಟಿಂಗ್ಸ್’ ಎಂಬ ಆಂದೋಲನವೇ ನಡೆಯಿತು. 2012ರಲ್ಲಿ ಹುಟ್ಟಿ ಸುಮಾರು 2,000 ಮೈಲಿ ಜಲಮಾರ್ಗ ನೋಡಿಕೊಳ್ಳುವ ಕೆನಾಲ್ ಅಂಡ್ ರಿವರ್ ಟ್ರಸ್ಟ್, ಹಾದಿಯಲ್ಲಿ ನಡೆಯುವವರಿಗೇ ಮೊದಲ ಹಕ್ಕು ಎಂದು ಬರೆದು ಹಾಕಿದೆ. ಒಳ್ಳೆಯದೇ. ಇದನ್ನೆಲ್ಲ ಪರದೆಯ ಮೇಲೆ ತೋರಿಸಿ, ಸವದತ್ತಿಯಲ್ಲೂ ಎರಡು ಟಿಂಗ್‌ಗಳ ಪ್ರಾಯೋಗಿಕ ಯೋಜನೆ ಮಾಡಬಹುದೆಂದು ಸೂಚಿಸಲಾಯಿತು. ಮೇವಿನ ಹೊರೆಯಲ್ಲಿ ಕಿವಿ ಮುಚ್ಚಿದವಳಿಗೆ ಎಷ್ಟು ಟಿಂಗ್ ಎಂದು ಯಾರೂ ಕೇಳಲಿಲ್ಲ.

ಕಾನೂನಿನ ಚೌಕಟ್ಟು ಇದಕ್ಕಿಂತ ಸುಂದರ. ಕಾಲುವೆಯ ಪಕ್ಕದ ಹಾದಿ ಇಲಾಖೆಯ ತಪಾಸಣಾ ರಸ್ತೆ. ಅದು ಜೀಪು, ಇಂಜಿನಿಯರು, ತೂಬು ನೋಡುವ ಲಸ್ಕರ್ ಇವರಿಗಾಗಿ ಇರುವಂಥದ್ದು. ಊರಿನ ಜನ ಅದರ ಮೇಲೆ ಇದ್ದಾರೆ ಎಂಬುದು ಅದರ ನಕ್ಷೆಗೆ ಗೊತ್ತಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ ಕಣ್ಣಿಗೆ ಸೈಕಲ್ ಮೋಟಾರು ವಾಹನವಲ್ಲ. ಹಿಂದೆ ಪುರಸಭೆಯವರು ಸೈಕಲ್ಲಿಗೆ ವರ್ಷಕ್ಕೊಂದು ಬಿಲ್ಲೆ ಕೊಡುತ್ತಿದ್ದರು, ದೀಪವಿಲ್ಲದವನನ್ನು, ಡಬಲ್ ಸೀಟು ಹೋಗುವವನನ್ನು ಪೊಲೀಸರು ಹಿಡಿದು ಗಾಳಿ ಬಿಡುತ್ತಿದ್ದರು. ಆ ಗೌರವವೂ ಹೋಯಿತು. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಮಾರ್ಗಸೂಚಿಯ ಪ್ರಕಾರ ನಡೆಯುವವರಿಗೆ ಕನಿಷ್ಠ 1.8 ಮೀಟರ್ ಅಡೆತಡೆಯಿಲ್ಲದ ಹಾದಿ ಬೇಕು. ಆ ಅಗಲ ಬೈಲಹೊಂಗಲದ ಪೇಟೆಯಲ್ಲೇ ಸಿಗುವುದು ಕಷ್ಟ. ಒಟ್ಟಿನಲ್ಲಿ ಕಾಲುವೆ ದಂಡೆಯ ಡಿಕ್ಕಿ ಎಂದರೆ ಕಾಗದದಲ್ಲಿ ಇಲ್ಲದ ಒಬ್ಬ, ಕಾಗದದಲ್ಲಿ ಇಲ್ಲದ ಇನ್ನೊಬ್ಬನಿಗೆ ಗುದ್ದುವುದು.

ಇವರಿಬ್ಬರೂ ಅಲ್ಲಿಗೆ ಯಾಕೆ ಬಂದರು ಎಂಬ ಅಧ್ಯಾಯ ಪ್ರಬಂಧದಲ್ಲಿ ಇಲ್ಲ. ಅದನ್ನು ಬರೆಯಲು ಪರಿಭಾಷೆಯೇ ಬೇಕಾಗಿಲ್ಲ. ಡಾಂಬರು ರಸ್ತೆಯಲ್ಲಿ ಉಳಿಗಾಲವಿಲ್ಲ ಎಂದು ಬಂದರು. ಕಬ್ಬಿನ ಹಂಗಾಮಿನಲ್ಲಿ ಒಂದು ಟ್ರ್ಯಾಕ್ಟರಿಗೆ ಎರಡು ಟ್ರೇಲರ್, ಟ್ರೇಲರಿನ ಅಗಲ ಮೀರಿ ಎರಡೂ ಕಡೆ ಚಾಚಿದ ಗಳ, ಹಿಂದೆ ದೀಪವಿಲ್ಲ, ಪ್ರತಿಫಲಕದ ಪಟ್ಟಿ ಇದ್ದರೆ ಅದರ ಮೇಲೆ ಕೆಸರು, ಮುಂದೆ ಚಾಲಕನ ಕಿವಿಗೆ ಡೆಕ್ಕಿನ ಹಾಡು. ರಾತ್ರಿ ಅಂಥ ಟ್ರೇಲರ್ ರಸ್ತೆಯಲ್ಲೇ ಪಂಕ್ಚರಾಗಿ ನಿಂತರೆ ಹಿಂದಿನಿಂದ ಬಂದವನಿಗೆ ಕಾಣುವುದು ಕತ್ತಲೆ ಮಾತ್ರ. ಇದಕ್ಕೆ ಹೆದರಿ ಸೈಕಲ್ಲಿನವನು ಕಾಲುವೆ ಹಾದಿ ಹಿಡಿಯುತ್ತಾನೆ, ನಡೆಯುವವನು ಅವನಿಗಿಂತ ಮೊದಲೇ ಹಿಡಿದಿರುತ್ತಾನೆ. ಆಮೇಲೆ ಕಬ್ಬಿನ ಗಾಡಿಯೂ ಹತ್ತಿರದ ದಾರಿಯೆಂದು ಅದೇ ದಂಡೆಯ ಮೇಲೆ ಬರುತ್ತದೆ. ಆಗ ಅಜ್ಜ, ಹುಡುಗ ಇಬ್ಬರೂ ಜಗಳ ಅರ್ಧಕ್ಕೇ ಬಿಟ್ಟು ಜಾಲಿ ಕಂಟಿಯೊಳಗೆ ಒಟ್ಟಿಗೆ ನಿಲ್ಲುತ್ತಾರೆ. ಅದನ್ನು ಸಂಘರ್ಷ ಎಂದು ಯಾರೂ ಕರೆದಿಲ್ಲ. ಅದಕ್ಕೆ ಗೋಷ್ಠಿ ನಡೆದಿಲ್ಲ.

ಈ ಕಾಲುವೆ ಜಗಳ ಕಾಣದ್ದೇನಲ್ಲ. ನೀರು ಕೊನೆಯ ಹೊಲಕ್ಕೆ ಮುಟ್ಟುವ ಮೊದಲೇ ಅಭಿವೃದ್ಧಿ ಕರದ ನೋಟೀಸು ಮುಟ್ಟಿತೆಂದು ಮಲಪ್ರಭಾ ಅಚ್ಚುಕಟ್ಟಿನ ರೈತರು ಎದ್ದು ನಿಂತಾಗ, 1980ರ ಜುಲೈ 21ರಂದು ಪೊಲೀಸರ ಗುಂಡಿಗೆ ನರಗುಂದದಲ್ಲಿ ಈರಪ್ಪ ಕಡ್ಲಿಕೊಪ್ಪ, ನವಲಗುಂದದಲ್ಲಿ ಬಸಪ್ಪ ಲಕ್ಕುಂಡಿ ಬಿದ್ದರು. ಅದೇ ನೀರಿನ ದಂಡೆಯ ಮೇಲೆ ಈಗ ಗಂಟೆ ಯಾರು ಮೊದಲು ಬಾರಿಸಬೇಕೆಂಬುದರ ಮೇಲೆ ಪವರ್‌ಪಾಯಿಂಟ್ ನಡೆಯುತ್ತಿದೆ.

ಕಾಲುವೆ ಪಕ್ಕದ ಹಾದಿ ಏನು ಮಾಡಬಲ್ಲದು ಎಂದು ತಿಳಿಯಲು ಇಂಗ್ಲೆಂಡಿಗೆ ಹೋಗಬೇಕಾಗಿರಲಿಲ್ಲ, ಮಂಡ್ಯ ಸಾಕಿತ್ತು. 2018ರ ನವೆಂಬರ್ 24, ಶನಿವಾರ. ಶಾಲೆಗಳಿಗೆ ಅರ್ಧ ದಿನ. ಪಾಂಡವಪುರದ ಕಡೆಯಿಂದ ಮಂಡ್ಯಕ್ಕೆ ಹೊರಟಿದ್ದ ಖಾಸಗಿ ಬಸ್ಸು ಕನಗನಮರಡಿಯ ಬಳಿ ವಿ.ಸಿ. (ವಿಶ್ವೇಶ್ವರಯ್ಯ) ನಾಲೆಗೆ ಉರುಳಿತು. 30 ಜನ ಸತ್ತರು, ಅವರಲ್ಲಿ ಶಾಲೆ ಮುಗಿಸಿ ಮನೆಗೆ ಹೊರಟ ಮಕ್ಕಳಿದ್ದರು. ರಸ್ತೆಗೂ ನೀರಿಗೂ ನಡುವೆ ತಡೆಗೋಡೆ ಇರಲಿಲ್ಲ. ಅದೇ ರಾತ್ರಿ ನಟ ಅಂಬರೀಶ್ ತೀರಿಕೊಂಡರು, ಮಾರನೆಯ ದಿನದ ಟಿವಿಯೆಲ್ಲ ಆ ಕಡೆ ತಿರುಗಿತು. ತಡೆಗೋಡೆ ಎಂಬ ಮಾತು ಅವತ್ತು ಎಲ್ಲರ ಬಾಯಲ್ಲೂ ಇತ್ತು. 2023ರ ಜುಲೈನಲ್ಲಿ ಅದೇ ನಾಲೆಗೆ ಒಂದು ಕಾರು ಬಿತ್ತು. ನವೆಂಬರಿನಲ್ಲಿ ಪಾಂಡವಪುರ ತಾಲೂಕಿನ ಬನಘಟ್ಟದ ಬಳಿ ಇನ್ನೊಂದು ಬಿದ್ದು ಐವರು ಹೋದರು. ಅಷ್ಟು ಸಾವಾದ ಮೇಲೂ, ಅಷ್ಟು ಹೆಸರಾದ ನಾಲೆಗೇ ಗೋಡೆ ಪೂರ್ತಿ ಬರಲಿಲ್ಲವೆಂದ ಮೇಲೆ, ರಾಮದುರ್ಗದ ಕಡೆಯ ಮಣ್ಣಿನ ದಂಡೆಯಲ್ಲಿ ಸಂಜೆ ಒಬ್ಬಳೇ ಸೈಕಲ್ ಹೊಡೆದುಕೊಂಡು ಬರುವ ಹುಡುಗಿಗೆ ಯಾರು ಕಟ್ಟುತ್ತಾರೆ? ಬಸ್ಸು ಬಿದ್ದರೆ ಸುದ್ದಿಯಾಗುತ್ತದೆ. ಸೈಕಲ್ ಬಿದ್ದರೆ ಸದ್ದೂ ಆಗುವುದಿಲ್ಲ.

ಆ ಹುಡುಗಿಗೆ ಸೈಕಲ್ ಕೊಟ್ಟದ್ದು ಸರ್ಕಾರವೇ. 2006–07ರಲ್ಲಿ ಎಂಟನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಯೋಜನೆ ಬಂತು. ಬಸ್ಸು ಮುಟ್ಟದ ಹಳ್ಳಿಗಳಿಂದ ಹೈಸ್ಕೂಲಿಗೆ ಹೊರಟ ಹೆಣ್ಣುಮಕ್ಕಳ ಗುಂಪು ಕಾಣಿಸತೊಡಗಿದ್ದು ಆಗ. ಒಂದೇ ಬಣ್ಣದ ಸೈಕಲ್, ಎರಡು ಜಡೆ, ಕ್ಯಾರಿಯರಿಗೆ ಸಿಕ್ಕಿಸಿದ ಚೀಲ. ಎಷ್ಟು ಮನೆಗಳಲ್ಲಿ ‘ದೂರ ಆಗ್ತದ, ಸಾಲಿ ಬಿಡಿಸೋಣು’ ಎಂಬ ಮಾತನ್ನು ಆ ಸೈಕಲ್ ತಡೆದಿರಬಹುದು. ಕೋವಿಡ್ ಬಂತು, ಹಂಚಿಕೆ ನಿಂತಿತು. ಮುಂದಿನ ವರ್ಷಗಳಲ್ಲಿ ಎಂಟನೇ ತರಗತಿಗೆ ಬಂದ ಮಕ್ಕಳು ಆ ಸೈಕಲ್ ಕಾಣಲಿಲ್ಲ. ಜಪಾಉಸಂ ಪರಿಹಾರಕ್ಕೆ ಇದುವರೆಗೆ ಆಗಿರುವ ಏಕೈಕ ಸರ್ಕಾರಿ ಕ್ರಮ ಇದು: ದ್ವಿಚಕ್ರಿಯನ್ನು ಬಜೆಟ್ಟಿನಲ್ಲೇ ದ್ವಿಪಾದಿಯನ್ನಾಗಿ ಮಾಡುವುದು.

ಶಿಫಾರಸುಗಳ ಪುಟದಲ್ಲಿ ‘ಭಾಗೀದಾರರ ಸಂವೇದನಾಶೀಲತಾ ವರ್ಧನೆ’ ಮುಂತಾದ ಹನ್ನೊಂದು ಅಂಶಗಳಿದ್ದವು. ಅವನ್ನು ಹೊಡೆದು ಹಾಕಿ ಹಿಂದಿನ ಬೆಂಚಿನವರು ಪೆನ್ಸಿಲ್ಲಿನಲ್ಲಿ ಬರೆದದ್ದು ಮೂರು. ಕಾಲುವೆ ಹಾದಿ ತಿರುವು ತೆಗೆದುಕೊಳ್ಳುವಲ್ಲಿ, ಸೇತುವೆ ಸೇರುವಲ್ಲಿ ಸೊಂಟದೆತ್ತರದ ಕಲ್ಲಿನ ಗೋಡೆ. ಕಬ್ಬಿನ ಟ್ರೇಲರು ಕಾರ್ಖಾನೆಯ ತೂಕದ ಕಟ್ಟೆ ಹತ್ತುವ ಮೊದಲು ಹಿಂದೆ ದೀಪ ಇದೆಯೇ ಎಂದು ನೋಡುವುದು, ಇಲ್ಲದಿದ್ದರೆ ತೂಕ ಮಾಡದಿರುವುದು. ಎಂಟನೇ ತರಗತಿಗೆ ಸೈಕಲ್. ಗಂಟೆ ಬಾರಿಸುವ ಕ್ರಮವನ್ನು ಅಜ್ಜ, ಹುಡುಗ ತಾವೇ ಬಗೆಹರಿಸಿಕೊಳ್ಳುತ್ತಾರೆ.