ಭಾವನ ಹನ್ನೆರಡು, ಅಕ್ಕನ ಮೂರು

ನಮ್ಮ ಭಾವ ಕೊರಟಗೆರೆ ಹತ್ತಿರದ ಅಡಿಕೆ ತೋಟದಲ್ಲಿ ನಿಂತು ಮಗನನ್ನು ಕೂಗಿದರೆ ಸಿದ್ಧರಬೆಟ್ಟದ ಕೋತಿಗಳೂ ಒಮ್ಮೆ ತಿರುಗಿ ನೋಡಬೇಕು, ಅಂಥಾ ಗಂಟಲು. "ಎಲ್ಲೋದ ನಿನ್ನ ಮಗ? ತೊಟ್ಟಿ ತುಂಬಿ ಹರೀತೈತೆ, ಮೋಟ್ರು ಆಫ್ ಮಾಡೋಕೆ ಅವರಪ್ಪ ಬರಬೇಕಾ?" ಅಂತ ತೋಟದಿಂದ ಹೊರಟ ಮಾತು, ನಡುಮನೆಯಲ್ಲಿ ಅಕ್ಕನನ್ನು ಹಾದು ಅಳಿಯನ ಕೋಣೆ ಮುಟ್ಟುವಾಗ "ಮಗಾ, ಮೋಟ್ರು ನಿಲ್ಲಿಸ್ಬೇಕಂತೆ" ಆಗಿರುತ್ತೆ. ಸುದ್ದಿ ಅದೇ, ಜೋರು ಮಾತ್ರ ಇಳಿದಿದೆ.

ಈ ಕೂಗಾಟ ತಪ್ಪಿಸೋಕೆ ಇಂಜಿನಿಯರಿಂಗ್ ಓದೋ ಅಳಿಯ ಒಂದು ಉಪಾಯ ಹೂಡಿದ. ತೊಟ್ಟಿ ತುಂಬಿದರೆ ಬೆಲ್ಲು ಹೊಡೆಯೋ ಹಳೇ ಫ್ಲೋಟ್ ಸ್ವಿಚ್ಚು, 12 ವೋಲ್ಟ್ ಬ್ಯಾಟರಿದು, ಇತ್ತಲ್ಲ. ಅದರ ವೈರನ್ನೇ ಎಳೆದು ತಂದು ಇಎಸ್‌ಪಿ32 ಬೋರ್ಡಿನ ಪಿನ್ನಿಗೆ ಸಿಕ್ಕಿಸಿದ. ಮೊಬೈಲಿಗೆ ಮೆಸೇಜ್ ಬರಬೇಕಿತ್ತು. ಮೂಗಿಗೆ ವಾಸನೆ ಬಂತು.

"ಮಾವ, ಮೊನ್ನೆ ತಂದ ಬೋರ್ಡು!"

"ನಿಮ್ಮಪ್ಪನ ಮಾತು ನೇರವಾಗಿ ಬಿದ್ರೆ ನೀನೇ ತಡ್ಕೊಳ್ಳಲ್ಲ. ಅದು 3.3 ವೋಲ್ಟಿನ ಕೂಸು, 3.6 ದಾಟಿದ್ರೆ ಅದರ ಪ್ರಾಣಕ್ಕೇ ಸಂಚಕಾರ. ಅದಕ್ಕೂ ನಡುವೆ ಒಬ್ಬ ಅಮ್ಮ ಬೇಕು ಕಣೋ."

ಅಮ್ಮ ಅಂದ್ರೆ ಚಿಲ್ಲರೆ ಕಾಸಿನ ರೆಸಿಸ್ಟರ್ ನಾಲ್ಕು. ಕಂದು-ಕಪ್ಪು-ಕಿತ್ತಳೆ ಪಟ್ಟೆಯ 10 ಕೆ ಒಂದು, ಅದರ ಬಾಲಕ್ಕೆ ಕಂದು-ಕಪ್ಪು-ಕೆಂಪಿನ 1 ಕೆ ಮೂರು, ಒಂದರ ಹಿಂದೊಂದು, ಕೊನೆಯದು ಗ್ರೌಂಡಿಗೆ. ಬ್ಯಾಟರಿಗೂ ಬೋರ್ಡಿಗೂ ಗ್ರೌಂಡ್ ಒಂದೇ. ಹತ್ತು ಮುಗಿದು ಮೂರು ಶುರುವಾಗೋ ಗಂಟಿನಿಂದ ಪಿನ್ನಿಗೆ ವೈರು. ಹದಿಮೂರರಲ್ಲಿ ಮೂರು ಪಾಲು: 12 ಹೋಗಿ ಸುಮಾರು 2.8. ಸ್ವಿಚ್ಚು ಬಿಟ್ಟಾಗ ಅದೇ ಮೂರು ಮಣಿಗಳು ಪಿನ್ನನ್ನು ಸೊನ್ನೆಗೆ ಎಳೆದು ಕೂರಿಸ್ತಾವೆ.

"2.8 ಯಾಕೆ ಮಾವ? ಸರಿಯಾಗಿ 3.3 ಇಡೋಣ."

"ಬ್ಯಾಟರಿಗೆ 12 ಅನ್ನೋದು ಕರೆಯೋ ಹೆಸರು. ಚಾರ್ಜಿಗೆ ಹಾಕಿದಾಗ 14.4 ಮುಟ್ಟುತ್ತೆ. ಆಗ ನಿನ್ನ ಪಿನ್ನಿಗೆ 3.3 ಸಿಗೋದು."

"ಹಂಗಾದ್ರೆ ಒಂದೇ ವೋಲ್ಟಿಗೆ ಇಳಿಸಿಬಿಟ್ರೆ?"

"2.5ಕ್ಕಿಂತ ಕೆಳಗೆ ಬಂದ್ರೆ ಬೋರ್ಡು 'ಹೌದು' ಅಂತ ನಂಬೋದು ಖಾತ್ರಿಯಿಲ್ಲ. ನಿಮ್ಮಮ್ಮ ಪಿಸುಗುಟ್ಟಿದ್ರೆ ನೀನು ಎದ್ದು ಹೋಗ್ತೀಯಾ?"

ಅಳಿಯನ ಕಣ್ಣು ಆಗಲೇ ಮೋಟ್ರು ಸ್ಟಾರ್ಟರ್ ಡಬ್ಬಿ ಕಡೆ ಹೊರಳಿತ್ತು. ಅಲ್ಲಿ ಮೂರು ಫೇಸು, 415 ವೋಲ್ಟ್. ಈ ನಾಲ್ಕು ಮಣಿ ಹಿಡ್ಕೊಂಡು ಆ ಕಡೆ ತಲೆ ಹಾಕೀಯಾ ಅಂತ ಗದರಿದೆ. ಅಂಥ ಕಡೆಯಿಂದ ಸುದ್ದಿ ತರೋದು ರಿಲೇ, ಆಪ್ಟೋಕಪ್ಲರುಗಳ ಕೆಲಸ, ಕಟ್ಟೋದು ಕಸುಬುದಾರರ ಕೆಲಸ. ಆಪ್ಟೋಕಪ್ಲರ್ ಅಂದ್ರೆ ಪಾಲಾಗಿ ಮಾತು ಬಿಟ್ಟ ಅಣ್ಣತಮ್ಮಂದಿರ ಮನೆ ಇದ್ದಂಗೆ. ಒಬ್ಬ ಒಳಗೆ ದೀಪ ಹಚ್ತಾನೆ, ಇನ್ನೊಬ್ಬ ಬೆಳಕು ನೋಡಿ ಬಾಗಿಲು ತೆಗೀತಾನೆ. ನಡುವೆ ಒಂದೆಳೆ ವೈರಿನ ನಂಟೂ ಇಲ್ಲ.

ಸಂಜೆಗೆ ಹೊಸ ಬೋರ್ಡು ಸಿದ್ಧವಾಯ್ತು. ಮೀಟರ್ ಇಟ್ಟು ನೋಡಿ, ಆಮೇಲೆ ಪಿನ್ನಿಗೆ ಸಿಕ್ಕಿಸಿದೆವು. ತೊಟ್ಟಿ ತುಂಬಿತು, ಮೊಬೈಲು "ಟಿಣ್" ಅಂತು. ಅಳಿಯ ಕಿವಿಗೆ ಹೆಡ್‌ಫೋನ್ ಹಾಕ್ಕೊಂಡು ಕೂತಿದ್ದ. ತೋಟದ ಕಡೆಯಿಂದ ಏನೋ ಗುಡುಗಿದಂಗಾಯ್ತು.

ಅಕ್ಕ ಅಡುಗೆಮನೆಯಿಂದ ಬಂದು, "ನಿಮ್ಮ ಭಾವ ಕರೀತಾವ್ರಪ್ಪ, ಒಸಿ ಹೋಗ್ಬರ್ತೀಯಾ?" ಅಂದಳು.

ಮೂಲದಲ್ಲಿ ಎಷ್ಟು ವೋಲ್ಟ್ ಇತ್ತೋ, ಮೀಟರ್ ಹಿಡಿಯೋಕೆ ಹೋಗಲಿಲ್ಲ. ಚಪ್ಪಲಿ ಮೆಟ್ಟಿದೆ.