ಮಾಡಿಫೈಯರ್ ಮೀಮಾಂಸೆ

ಶಾಸ್ತ್ರಗ್ರಂಥ ಶುರುವಾಗುವ ಮೊದಲೇ ಅಧಿಕಾರಿ, ವಿಷಯ, ಸಂಬಂಧ, ಪ್ರಯೋಜನ ಎಂಬ ನಾಲ್ಕನ್ನೂ ಹೇಳಿಬಿಡಬೇಕೆಂಬುದು ಹಿರಿಯರ ಕಟ್ಟಳೆ. ಹೇಳಿಬಿಡುತ್ತೇವೆ. ಅಧಿಕಾರಿ, ಗಿಟಾರ್ ನುಡಿಸುವುದಕ್ಕಿಂತ ಗಿಟಾರ್ ಪ್ರೊಸೆಸರಿನ ಮೆನು ತಡಕುವುದರಲ್ಲೇ ಹೆಚ್ಚು ಹೊತ್ತು ಕಳೆಯುವವನು. ವಿಷಯ, ಒಂದು ಬ್ಲಾಕಿನ ಯಾವ ಚಾನೆಲ್ಲಿಗೆ ಯಾವ ಮಾಡಿಫೈಯರ್ ಎಂಬುದು. ಸಂಬಂಧ, ಬಲಗಾಲಿಗೂ ಸ್ಪೀಕರಿಗೂ ಇರುವಂಥದು. ಪ್ರಯೋಜನ ಇದುವರೆಗೆ ಕಂಡುಬಂದಿಲ್ಲ. ಆದರೆ ಪ್ರಯೋಜನ ಕಾಣದ್ದನ್ನು ಅಧ್ಯಯನ ಮಾಡಬಾರದೆಂದರೆ ವಿಶ್ವವಿದ್ಯಾಲಯಗಳ ಗತಿಯೇನು?

ಮೊದಲು ಇತಿಹಾಸಖಂಡ. ಕಾಲಿನಿಂದ ನಾದವನ್ನು ತಿದ್ದುವ ಈ ಚಾಳಿಗೆ ಆದಿಪುರುಷರಲ್ಲೊಬ್ಬ ಬ್ರಾಡ್ ಪ್ಲಂಕೆಟ್. 1966ರಲ್ಲಿ ಅಮೆರಿಕದ ಥಾಮಸ್ ಆರ್ಗನ್ ಕಂಪನಿಯಲ್ಲಿ ಎಂಜಿನಿಯರ್ ಆಗಿದ್ದ ಈತ ಆರ್ಗನ್ನಿನ ವಾಲ್ಯೂಮ್ ಪೆಡಲ್ಲಿನೊಳಗೆ ಒಂದು ಫಿಲ್ಟರಿನ ಪೊಟೆನ್ಶಿಯೋಮೀಟರ್ ಕೂರಿಸಿದ. ಹಿಮ್ಮಡಿ ಒತ್ತಿದರೆ ಸುಮಾರು 400 ಹರ್ಟ್ಸ್, ಮುಂಗಾಲು ಒತ್ತಿದರೆ 2,000ದ ಆಸುಪಾಸು. ನಡುವೆ ಗಿಟಾರ್ 'ವಾ' ಎಂದು ಬಾಯಿ ಬಿಟ್ಟಿತು. ಒಂದು ಪಾದ, ಒಂದು ಪೆಡಲ್, ಒಂದು ಫಲ. ಇದು ಕೃತಯುಗ. ಆಗ ಮೆನು ಇರಲಿಲ್ಲ, ಆದ್ದರಿಂದ ಸಂಶಯವೂ ಇರಲಿಲ್ಲ.

ಕಲಿಯುಗ ಡಿಜಿಟಲ್ ಪ್ರೊಸೆಸರಿನೊಂದಿಗೆ ಬಂತು. ಫ್ರ್ಯಾಕ್ಟಲ್ ಆಡಿಯೊ ಸಂಸ್ಥೆಯ ಆಕ್ಸ್-ಎಫ್‌ಎಕ್ಸ್ ಎರಡನೆಯ ಅವತಾರದಲ್ಲಿ, ಆಂಪ್‌ನಂಥ ಒಂದೊಂದು ಉಪಕರಣದ ನಕಲಾದ ಬ್ಲಾಕುಗಳಲ್ಲಿ ಹಲವಕ್ಕೆ ಎಕ್ಸ್ ಮತ್ತು ವೈ ಎಂಬ ಎರಡು ಮುಖಗಳಿದ್ದವು. 2018ರಲ್ಲಿ ಬಂದ ಮೂರನೆಯ ಅವತಾರದಲ್ಲಿ ಅವೇ ಎ, ಬಿ, ಸಿ, ಡಿ ಎಂಬ ನಾಲ್ಕು ಚಾನೆಲ್ಲುಗಳಾದವು. ಪುರಾಣದಲ್ಲಿ ಬ್ರಹ್ಮನಿಗೆ ಐದಿದ್ದ ತಲೆ ನಾಲ್ಕಕ್ಕಿಳಿದರೆ ಇಲ್ಲಿ ಎರಡಿದ್ದದ್ದು ನಾಲ್ಕಕ್ಕೇರಿತು. ಇವುಗಳ ಮೇಲೆ ಎಂಟು ಸೀನ್‌ಗಳ ಆಳ್ವಿಕೆ. ಯಾವ ಬ್ಲಾಕ್ ಎಚ್ಚರವಾಗಿರಬೇಕು, ಎಚ್ಚರವಾಗಿದ್ದರೆ ಯಾವ ಚಾನೆಲ್ಲಿನಲ್ಲಿ ಎಂಬುದನ್ನು ಪ್ರತಿ ಸೀನೂ ನೆನಪಿಟ್ಟುಕೊಂಡಿರುತ್ತದೆ. ನುಡಿಸುವವನು ನೆನಪಿಟ್ಟುಕೊಂಡಿರುವುದಿಲ್ಲ.

ಇನ್ನು ಮಾಡಿಫೈಯರ್ ಎಂದರೇನು? ಕೈಯಿಂದ ತಿರುಗಿಸಬೇಕಾದ ನಾಬನ್ನು ಬೇರೆಯವರ ಸುಪರ್ದಿಗೆ ಕೊಡುವ ದಾನಪತ್ರ. ಆ ಬೇರೆಯವರು ಪೆಡಲ್ ಇರಬಹುದು, ತನ್ನಷ್ಟಕ್ಕೆ ತೂಗುವ ಎಲ್‌ಎಫ್‌ಒ ಇರಬಹುದು, ನೀವು ತಂತಿ ಎಷ್ಟು ಜೋರಾಗಿ ಮೀಟಿದಿರಿ ಎಂದು ಗಮನಿಸುವ ಎನ್ವಲಪ್ ಇರಬಹುದು. ಪತ್ರದಲ್ಲಿ ಕನಿಷ್ಠ ಎಷ್ಟು, ಗರಿಷ್ಠ ಎಷ್ಟು, ನಡುವೆ ರೇಖೆ ಹೇಗೆ ಬಾಗಬೇಕು ಎಂದು ಬರೆದಿರುತ್ತದೆ. ಒಮ್ಮೆ ದಾನ ಕೊಟ್ಟ ಮೇಲೆ ಆ ನಾಬನ್ನು ನೀವು ಎಷ್ಟೇ ತಿರುಗಿಸಿ, ಅದು ನಿಮ್ಮನ್ನು ಗುರುತೇ ಹಿಡಿಯುವುದಿಲ್ಲ.

ಇಲ್ಲೇ ವಿವಾದ ಹುಟ್ಟುವುದು. ಆಂಪ್ ಬ್ಲಾಕಿನ ಎ ಚಾನೆಲ್ಲಿನಲ್ಲಿ ತಿಳಿನಾದ, ನಾದವನ್ನು ಒರಟು ಮಾಡುವ ಡ್ರೈವ್ ಎಂಬ ನಾಬು ಎರಡರಲ್ಲಿದೆ. ಡಿ ಚಾನೆಲ್ಲಿನಲ್ಲಿ ಸೋಲೋ ನಾದ, ಅಲ್ಲಿ ಡ್ರೈವನ್ನು ಪೆಡಲ್ಲಿನಿಂದ ನಾಲ್ಕರಿಂದ ಎಂಟಕ್ಕೆ ಏರಿಸುವ ಆಸೆ. ಮಾಡಿಫೈಯರನ್ನು ಎಲ್ಲ ಚಾನೆಲ್ಲುಗಳಿಗೂ ಅನ್ವಯಿಸಿದರೆ, ಮೆಲ್ಲಗೆ ಶುರುವಾಗಬೇಕಾದ ಪ್ರೇಮಗೀತೆಯ ಮೊದಲ ಕಾರ್ಡಿನಲ್ಲೇ ಡ್ರೈವ್ ನಾಲ್ಕಕ್ಕಿಂತ ಕೆಳಗಿಳಿಯಲು ಒಪ್ಪುವುದಿಲ್ಲ. ಕಾಲು ಪೆಡಲ್ಲಿನ ತುದಿಯಲ್ಲಿ ಉಳಿದುಬಿಟ್ಟಿದ್ದರಂತೂ ನಾಯಕಿ ಓಡಿಹೋಗುತ್ತಾಳೆ.

ವೈಯಾಕರಣರು ಇಂಥದ್ದಕ್ಕೆ ಎಂದೋ ದಾರಿ ಮಾಡಿಟ್ಟಿದ್ದಾರೆ. ಎಲ್ಲ ಕಡೆಗೂ ಸಲ್ಲುವ ಸಾಮಾನ್ಯ ವಿಧಿ ಉತ್ಸರ್ಗ. ಒಂದು ಕಡೆ ಮಾತ್ರ ಸಲ್ಲುವ ವಿಶೇಷ ವಿಧಿ ಅಪವಾದ. ಎರಡೂ ಎದುರಾದರೆ ಅಪವಾದವೇ ಗೆಲ್ಲಬೇಕು. ಮಾಡಿಫೈಯರ್ ಪುಟದಲ್ಲಿ ಚಾನೆಲ್ ಎಂಬ ಸಾಲನ್ನು 'ಆಲ್' ಎಂದು ಬಿಟ್ಟರೆ ಉತ್ಸರ್ಗ, 'ಡಿ' ಎಂದರೆ ಅಪವಾದ. ಆಗ ಎ ಚಾನೆಲ್ಲಿನ ಡ್ರೈವ್ ಕೈಯಿಂದ ಇಟ್ಟಲ್ಲೇ ಇರುತ್ತದೆ, ಡಿಯದು ಮಾತ್ರ ಕಾಲಿನ ಮಾತು ಕೇಳುತ್ತದೆ. ಪಾಣಿನಿಗೆ ಪೆಡಲ್ ಗೊತ್ತಿರಲಿಲ್ಲ ಎಂಬುದಕ್ಕೆ ನಮ್ಮಲ್ಲಿ ಆಧಾರವಿಲ್ಲ.

ಪೂರ್ವಪಕ್ಷಗಳನ್ನು ಖಂಡಿಸದೆ ಸಿದ್ಧಾಂತ ನಿಲ್ಲದು. ಮೊದಲ ಪೂರ್ವಪಕ್ಷಿ ಡ್ರಮ್ಮರ್. "ಇರೋದು ಒಂದೇ ಕಾಲು, ಒಂದೇ ಪೆಡಲ್ಲು. ನಾಲ್ಕು ಕಾನೂನು ಯಾಕೋ?" ನಾಲ್ಕು ಕೈಕಾಲಿಗೂ ಬೇರೆಬೇರೆ ಕೆಲಸ ಹಚ್ಚಿ ಹೊಟ್ಟೆ ಹೊರೆಯುವವನ ಬಾಯಲ್ಲಿ ಈ ಏಕತ್ವವಾದ ಶೋಭಿಸುವುದಿಲ್ಲವಾದ್ದರಿಂದ ಉತ್ತರ ಅನಗತ್ಯ. ಎರಡನೆಯವನು ಕೀಬೋರ್ಡ್ ವಾದಕ: "ಒಂದು ಆಂಪ್ ಬ್ಲಾಕಿನ ಬದಲು ಎರಡು ಇಟ್ಟುಕೊಂಡರೆ ಸಾಕಲ್ಲ?" ಸಾಕು. ಆದರೆ ಪ್ರತಿ ಬ್ಲಾಕೂ ಪ್ರೊಸೆಸರಿನ ಶಕ್ತಿಯಲ್ಲಿ ಪಾಲು ಕೇಳುತ್ತದೆ. ಚಾನೆಲ್ ಬದಲಿಸುವುದಕ್ಕೆ ಹೆಚ್ಚುವರಿ ಬಾಡಿಗೆಯಿಲ್ಲ. ಲಾಘವವೇ ಶಾಸ್ತ್ರದ ಜೀವ. ಮೂರನೆಯವನು ಮಿಕ್ಸರಿನ ಹಿಂದೆ ಕೂತ ಸೌಂಡ್ ಎಂಜಿನಿಯರ್. ಈತ ಶೂನ್ಯವಾದಿ. ನೀವೇನು ಕಟ್ಟಿಕೊಂಡರೂ ಕೊನೆಯ ಫೇಡರ್ ನನ್ನ ಬೆರಳಿನಲ್ಲಿದೆ ಎಂಬ ಇವನ ವಾದವನ್ನು ಖಂಡಿಸಿ ಬದುಕಿದ ಗಿಟಾರಿಸ್ಟ್ ಇನ್ನೂ ಹುಟ್ಟಿಲ್ಲ.

ಇನ್ನು ಸಂಖ್ಯಾಪ್ರಕರಣ. ಪೆಡಲ್ಲಿನ ಮಾತು ಯಂತ್ರಕ್ಕೆ ಮಿಡಿ ಭಾಷೆಯಲ್ಲಿ ಬಂದರೆ, 1983ರಿಂದ ನಡೆದುಬಂದ ಪದ್ಧತಿಯಂತೆ, 0ಯಿಂದ 127ರವರೆಗಿನ ಒಂದು ಅಂಕಿಯಾಗಿ ಬರುತ್ತದೆ. ಒಟ್ಟು 128 ಮೆಟ್ಟಿಲು. ಅರ್ಧಕ್ಕೆ ಒತ್ತಿದರೆ 63.5 ಬರಬೇಕು, ಅಂಥ ಅಂಕಿ ಇಲ್ಲ. ಅಂದರೆ ಮಧ್ಯಮಮಾರ್ಗವನ್ನು ಮಿಡಿ ಒಪ್ಪುವುದಿಲ್ಲ. ಇದರ ಪರಿಣಾಮ ಸಣ್ಣದಲ್ಲ. ಪೆಡಲ್ಲಿನಿಂದ ಸ್ವರವನ್ನೇ ಎರಡು ಸ್ಥಾಯಿ ಮೇಲೆ ಎಳೆಯಹೊರಟರೆ 2,400 ಸೆಂಟ್‌ಗಳನ್ನು 127 ಹೆಜ್ಜೆಯಲ್ಲಿ ಹತ್ತಬೇಕು. ಹೆಜ್ಜೆಗೆ ಸುಮಾರು 19 ಸೆಂಟ್. ನಮ್ಮವರ ಪ್ರಮಾಣಶ್ರುತಿ 81ಕ್ಕೆ 80ರ ಅನುಪಾತ, ಎಂದರೆ ಸುಮಾರು 21.5 ಸೆಂಟ್. ಹೀಗಾಗಿ ನಿಧಾನವಾಗಿ ಪೆಡಲ್ ಒತ್ತುವ ಗಿಟಾರಿಸ್ಟ್ ತನಗರಿವಿಲ್ಲದೆ ಶ್ರುತಿಯಿಂದ ಶ್ರುತಿಗೆ ಕುಪ್ಪಳಿಸುತ್ತಿರುತ್ತಾನೆ. ಗಮಕವಾಗಬೇಕಾದದ್ದು ಮೆಟ್ಟಿಲು ಹತ್ತುವ ಸದ್ದಾಗುತ್ತದೆ. ಈ ಗೊರಗೊರವನ್ನು ಉಜ್ಜಿ ನುಣುಪು ಮಾಡಲು ಮಾಡಿಫೈಯರ್ ಪುಟದಲ್ಲೇ ಡ್ಯಾಂಪಿಂಗ್ ಎಂಬ ಸಾಲಿದೆ. ಅದನ್ನು ವಿಪರೀತ ಏರಿಸಿದರೆ ಕಾಲು ಸೋಲೋ ಮುಗಿಸಿ ಕೆಳಗಿಳಿದ ಮೇಲೂ ಸ್ವರ ಇನ್ನೂ ಮೇಲಕ್ಕೆ ಹೋಗುತ್ತಿರುತ್ತದೆ.

ಉಳಿದದ್ದು ಅಭಾವಪ್ರಕರಣ, ಗ್ರಂಥದ ತಿರುಳು. ವೇದಿಕೆಯಲ್ಲಿ ಗಿಟಾರಿಸ್ಟ್ ಮುಂದೆ ಬರುತ್ತಾನೆ, ಬೆಳಕು ಅವನ ಮೇಲೆ ಬೀಳುತ್ತದೆ, ತಂತಿ ಮೀಟುತ್ತಾನೆ, ಸದ್ದಿಲ್ಲ. ಈ ಇಲ್ಲದಿರುವಿಕೆ ಎಂಥದು? ನೈಯಾಯಿಕರು ಅಭಾವವನ್ನು ನಾಲ್ಕು ಬಗೆಯಾಗಿ ವಿಂಗಡಿಸಿದ್ದು ಈ ಗಳಿಗೆಗಾಗಿಯೇ ಇರಬೇಕು. ಪೆಡಲ್ಲನ್ನು ಇನ್ನೂ ಅಲುಗಿಸಿಯೇ ಇಲ್ಲದಿದ್ದರೆ ಅದು ಪ್ರಾಗಭಾವ. ಮಿಡಿ ಪೆಡಲ್ ಸಾಮಾನ್ಯವಾಗಿ ಬಾಯಿ ಬಿಡುವುದು ಅಲುಗಿಸಿದಾಗ ಮಾತ್ರ; ಅಲ್ಲಿಯವರೆಗೆ ಯಂತ್ರ ತನ್ನ ಆರಂಭಿಕ ಬೆಲೆಯನ್ನೇ ನಂಬಿಕೊಂಡಿರುತ್ತದೆ, ಅದು ಸೊನ್ನೆಯಾಗಿದ್ದು ಪೆಡಲ್ಲಿಗೆ ವಾಲ್ಯೂಮನ್ನು ಕಟ್ಟಿದ್ದರೆ ವಾಲ್ಯೂಮೂ ಸೊನ್ನೆ. ಪೆಡಲ್ಲು ನಿಜವಾಗಿ ಪೂರ್ತಿ ಒತ್ತಿಕೊಂಡೇ ಕೂತಿದ್ದರೂ ಅಷ್ಟೆ. ಪರಿಹಾರ, ಒಮ್ಮೆ ಹಿಂದೆ ಮುಂದೆ ಒತ್ತುವುದು, ಇಲ್ಲವೇ ಆರಂಭಿಕ ಬೆಲೆಯನ್ನು ಮೊದಲೇ ನೂರಕ್ಕೆ ಇಟ್ಟುಕೊಳ್ಳುವುದು. ಇದ್ದ ಸದ್ದು ಹಾಡಿನ ನಡುವೆ ಹೋದರೆ ಪ್ರಧ್ವಂಸಾಭಾವ. ಗಾಯಕನ ಬೂಟಿನ ಕೆಳಗೆ ಕೇಬಲ್ ಹುಡುಕಿ. ಪೆಡಲ್ ಒತ್ತಿದರೂ ಯಾವ ಚಾನೆಲ್ಲಿನಲ್ಲೂ ಏನೂ ಬದಲಾಗದಿದ್ದರೆ ಅತ್ಯಂತಾಭಾವ, ಎಂದರೆ ಮಾಡಿಫೈಯರನ್ನು ಕಟ್ಟಿಯೇ ಇಲ್ಲ, ಕಟ್ಟಿದ್ದೇನೆಂಬುದು ಭ್ರಮೆ; ಅಥವಾ ಕಟ್ಟಿ, ಪ್ರಿಸೆಟ್ ಸೇವ್ ಮಾಡದೆ ಮಲಗಿದ್ದಾನೆ. ಡಿಗೆ ಕಟ್ಟಿ ಎಯಲ್ಲಿ ಒತ್ತುತ್ತಿದ್ದರೆ ಅನ್ಯೋನ್ಯಾಭಾವ: ಎ ಎಂಬುದು ಡಿ ಅಲ್ಲ, ಡಿ ಎಂಬುದು ಎ ಅಲ್ಲ, ಸೀನ್ ಬದಲಿಸದೆ ಬೇರೆ ಗತಿಯಿಲ್ಲ.

ಈ ನಾಲ್ಕನ್ನೂ ಕ್ರಮವಾಗಿ ಪರೀಕ್ಷಿಸಲು ವೇದಿಕೆಯ ಮೇಲೆ ಮಂಡಿಯೂರಿ ಪುಟ್ಟ ಪರದೆಯಲ್ಲಿ ಪುಟದಿಂದ ಪುಟಕ್ಕೆ ಹೋಗುತ್ತಿರುವಾಗ, ಶೂನ್ಯವಾದಿ ದೂರದಿಂದ ಕೈ ಎತ್ತಿ ಸನ್ನೆ ಮಾಡುತ್ತಾನೆ. ಗಿಟಾರಿನ ಮ್ಯೂಟ್ ಗುಂಡಿ ಒತ್ತಿಟ್ಟಿದ್ದನಂತೆ. ಈ ಬಗೆಯ ಅಭಾವಕ್ಕೆ ನ್ಯಾಯಶಾಸ್ತ್ರದಲ್ಲಿ ಹೆಸರಿಲ್ಲ. ಬ್ಯಾಂಡಿನವರು ಇಟ್ಟುಕೊಂಡಿರುವ ಹೆಸರು ಅಚ್ಚು ಹಾಕುವಂಥದ್ದಲ್ಲ.