ಹೊರಗುಳಿದವರ ವಕೀಲರು

ಅಮೆರಿಕದಲ್ಲಿ ಬೇಸ್‌ಬಾಲ್ ಆಟ ಮುಗಿದ ಮೇಲೆ ಬೇಸ್‌ಬಾಲ್ ಮಾತು ಶುರುವಾಗುತ್ತದೆ. ಮೈದಾನಕ್ಕೆ ಹಿಮ ಬಿದ್ದು, ಆಟಗಾರರೆಲ್ಲ ಬೆಚ್ಚಗಿನ ಊರುಗಳಿಗೆ ಹೊರಟುಹೋದ ಮೇಲೆ ಒಲೆಯ ಸುತ್ತ ಕೂತು ಕೊಚ್ಚುವ ಚಳಿಗಾಲದ ಹರಟೆಗೆ ಅಲ್ಲಿನವರು ‘ಹಾಟ್ ಸ್ಟವ್ ಲೀಗ್’ ಎಂದು ಹೆಸರಿಟ್ಟಿದ್ದಾರೆ. ಈ ಲೀಗಿನಲ್ಲಿ ಅಂಪೈರ್ ಇಲ್ಲ. ಆದ್ದರಿಂದ ಯಾರೂ ಔಟಾಗುವುದಿಲ್ಲ. ಮಿನಿಯಾಪೊಲಿಸ್‌ನಲ್ಲಿ ನಮ್ಮ ಪಕ್ಕದ ಮನೆಯ ಯಜಮಾನರು ಈ ಲೀಗಿನಲ್ಲಿ ಎಷ್ಟೋ ವರ್ಷಗಳಿಂದ ನಾಟೌಟ್.

ಅವರು ನಿವೃತ್ತ ಹಲ್ಲಿನ ಡಾಕ್ಟರು. ಎದುರಿಗಿರುವವನು ಬಾಯಿ ತೆರೆದುಕೊಂಡು ಸುಮ್ಮನಿರಬೇಕು, ಮಾತೆಲ್ಲ ತಮ್ಮದಾಗಿರಬೇಕು ಎಂಬುದು ನಲವತ್ತು ವರ್ಷದ ರೂಢಿ. ವೃತ್ತಿ ಬಿಟ್ಟರೂ ರೂಢಿ ಬಿಟ್ಟಿಲ್ಲ. ಈಗ ಅವರು ವಕೀಲರು. ಸನದು ಇಲ್ಲ, ಫೀಸು ಇಲ್ಲ, ತಮ್ಮ ಪರವಾಗಿ ಇಂಥವರೊಬ್ಬರು ವಾದಿಸುತ್ತಿದ್ದಾರೆ ಎಂಬುದು ಕಕ್ಷಿದಾರರಿಗೂ ಗೊತ್ತಿಲ್ಲ. ಆ ಕಕ್ಷಿದಾರರೆಲ್ಲ ನಿವೃತ್ತ ಪಿಚರ್‌ಗಳು. ಒಂದು ಕಾಲಕ್ಕೆ ಚೆಂಡೆಸೆದು ಹೆಸರು ಮಾಡಿ, ಹಾಲ್ ಆಫ್ ಫೇಮಿನ ಹೊಸ್ತಿಲವರೆಗೆ ಹೋಗಿ, ಒಳಗೆ ಕರೆಯುವವರಿಲ್ಲದೆ ನಿಂತವರು.

ಈ ಹಾಲ್ ಆಫ್ ಫೇಮ್ ಇರುವುದು ನ್ಯೂಯಾರ್ಕ್ ರಾಜ್ಯದ ಕೂಪರ್ಸ್‌ಟೌನ್ ಎಂಬ ಪುಟ್ಟ ಊರಿನಲ್ಲಿ. ಆಬ್ನರ್ ಡಬಲ್‌ಡೇ ಎಂಬಾತ 1839ರಲ್ಲಿ ಅಲ್ಲೇ ಬೇಸ್‌ಬಾಲ್ ಕಂಡುಹಿಡಿದ ಎಂಬ ಸ್ಥಳಪುರಾಣವನ್ನು ನಂಬಿ, ಸರಿಯಾಗಿ ನೂರು ವರ್ಷಕ್ಕೆ, 1939ರಲ್ಲಿ, ಮ್ಯೂಸಿಯಂ ತೆರೆದರು. ಪುರಾಣ ಬರೀ ಕಟ್ಟುಕತೆ ಎಂದು ಇತಿಹಾಸಕಾರರು ಹೇಳಿದರು. ಅಷ್ಟು ಹೊತ್ತಿಗೆ ಕಟ್ಟಡ ಎದ್ದಾಗಿತ್ತು, ಜನ ಬರತೊಡಗಿದ್ದರು. ಒಳಗೆ ಆಯ್ಕೆಯಾದವರ ಮುಖಗಳನ್ನು ಕಂಚಿನ ಫಲಕಗಳಲ್ಲಿ ಕೆತ್ತಿಟ್ಟಿದ್ದಾರೆ.

ಫಲಕವೇರುವುದು ಸುಲಭವಲ್ಲ. ಆಟ ಬಿಟ್ಟು ಐದು ವರ್ಷ ಕಾಯಬೇಕು. ಆಮೇಲೆ ತಮ್ಮ ಸಂಘದಲ್ಲಿ ಹತ್ತು ವರ್ಷ ಸದಸ್ಯತ್ವವಿರುವ ಬೇಸ್‌ಬಾಲ್ ಪತ್ರಕರ್ತರು ವೋಟು ಹಾಕುತ್ತಾರೆ. ಒಬ್ಬೊಬ್ಬರು ಹೆಚ್ಚೆಂದರೆ ಹತ್ತು ಹೆಸರಿಗೆ ಗುರುತು ಹಾಕಬಹುದು. ನೂರಕ್ಕೆ ಎಪ್ಪತ್ತೈದು ಬಿದ್ದರೆ ಒಳಗೆ, ಐದಕ್ಕಿಂತ ಕಡಿಮೆ ಬಿದ್ದರೆ ಪಟ್ಟಿಯಿಂದಲೇ ಹೊರಗೆ, ನಡುವೆ ನೇತಾಡುವವರಿಗೆ ಹತ್ತು ವರ್ಷದ ವಾಯಿದೆ. ಮೊದಲು ಈ ವಾಯಿದೆ ಹದಿನೈದು ವರ್ಷವಿತ್ತು. ಅದೂ ಮುಗಿದರೆ ಹದಿನಾರು ಜನರ ಸಮಿತಿಗೆ ಮೇಲ್ಮನವಿ, ಅಲ್ಲಿ ಹನ್ನೆರಡು ವೋಟು ಬೇಕು. ಇಷ್ಟೊಂದು ಬಾಗಿಲು, ಇಷ್ಟೊಂದು ಬೀಗ ಇರುವ ಕಡೆ ವಕೀಲರು ಹುಟ್ಟಿಕೊಳ್ಳದೆ ಇರುತ್ತಾರೆಯೇ?

ಕೋರ್ಟು ನಡೆಯುವುದು ನಮ್ಮಿಬ್ಬರ ಮನೆಯ ನಡುವಿನ ಡ್ರೈವ್‌ವೇಯಲ್ಲಿ. ರಾತ್ರಿ ಹಿಮ ಬಿದ್ದರೆ ಬೆಳಗ್ಗೆ ಇಬ್ಬರೂ ಸಲಿಕೆ ಹಿಡಿದು ಹೊರಗೆ ಬರಲೇಬೇಕು. ಅವರು ಎರಡು ಸಲ ಹಿಮ ಎತ್ತಿ ಹಾಕಿ, ಸಲಿಕೆಯ ಹಿಡಿಗೆ ಗದ್ದ ಊರಿದರೆಂದರೆ ಕಲಾಪ ಶುರು ಎಂದರ್ಥ. ಕೈಗವಸು ಬಿಚ್ಚಿ ಪರ್ಸಿನಿಂದ ಮಡಿಚಿದ ಚೀಟಿಯೊಂದನ್ನು ತೆಗೆಯುತ್ತಾರೆ. ಅದರಲ್ಲಿ ಎರಡು ಸಾಲು, ಹೆಸರಿಲ್ಲ.

‘ಒಬ್ಬ 229 ಪಂದ್ಯ ಗೆದ್ದ, 172 ಸೋತ. ಒಂಬತ್ತು ಇನ್ನಿಂಗ್ಸಿಗೆ ಸರಾಸರಿ ಕೊಟ್ಟ ರನ್ 3.30. ಇನ್ನೊಬ್ಬ 224 ಗೆದ್ದ, 166 ಸೋತ, ಸರಾಸರಿ 3.26. ಒಬ್ಬ ಒಳಗಿದ್ದಾನೆ, ಒಬ್ಬ ಹೊರಗೆ. ಯಾರು ಎಲ್ಲಿ, ಹೇಳಿ ನೋಡೋಣ?’

ಹೇಳಲು ಯಾರಿಗೂ ಆಗುವುದಿಲ್ಲ, ಆಗಬಾರದೆಂದೇ ಚೀಟಿ ಬರೆದಿರುವುದು. ಒಳಗಿರುವವನು ಕ್ಯಾಟ್‌ಫಿಶ್ ಹಂಟರ್, 1987ರಲ್ಲೇ ಆಯ್ಕೆಯಾದವನು. ಹೊರಗಿರುವವನು ಕ್ಯೂಬಾದ ಲೂಯಿಸ್ ಟಿಯಾಂಟ್, 2024ರಲ್ಲಿ ತೀರಿಕೊಂಡರೂ ಕರೆ ಬಂದಿಲ್ಲ. ಟಿಯಾಂಟ್ 1970ರಲ್ಲಿ ಒಂದು ವರ್ಷ ನಮ್ಮೂರಿನ ತಂಡವಾದ ಮಿನಿಸೋಟ ಟ್ವಿನ್ಸ್‌ಗೆ ಆಡಿದ್ದ ಎಂಬುದನ್ನು ವಕೀಲರು ಚೀಟಿಯಲ್ಲಿ ಬರೆದಿಲ್ಲ. ಹಂಟರನ ತಂಡ ಸತತ ಮೂರು ವರ್ಷ ವಿಶ್ವ ಸರಣಿ ಗೆದ್ದಿತ್ತು ಎಂಬುದನ್ನೂ ಬರೆದಿಲ್ಲ. ಚೀಟಿ ಚಿಕ್ಕದು.

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವರನ್ನು ನಾವು ಕಂಡಿದ್ದೇವೆ. ನಮ್ಮ ವಕೀಲರು ಅದಕ್ಕಿಂತ ಒಂದು ಹೆಜ್ಜೆ ಮುಂದೆ. ಮೊಲ ಬದಲಾದಂತೆ ಅವರಲ್ಲಿ ಕಾಲಿನ ಲೆಕ್ಕವೂ ಬದಲಾಗುತ್ತದೆ. ಇದಕ್ಕೆ 2017ರ ಡಿಸೆಂಬರ್ ಮತ್ತು 2018ರ ಜನವರಿ ಸಾಕ್ಷಿ.

ಡಿಸೆಂಬರಿನಲ್ಲಿ ಸಮಿತಿಯ ಮುಂದಿದ್ದದ್ದು ಜ್ಯಾಕ್ ಮಾರಿಸ್ ಕೇಸು. ಪಕ್ಕದ ಸೇಂಟ್ ಪಾಲ್‌ನಲ್ಲೇ ಹುಟ್ಟಿದ ಹುಡುಗ. ಪತ್ರಕರ್ತರು ಹದಿನೈದು ವರ್ಷ ಹೊರಗೇ ನಿಲ್ಲಿಸಿದ್ದರು. ಅವನ ಸರಾಸರಿ 3.90. ಹಾಲ್ ಆಫ್ ಫೇಮಿನಲ್ಲಿ ಅಷ್ಟು ಧಾರಾಳವಾಗಿ ರನ್ ಕೊಟ್ಟ ಇನ್ನೊಬ್ಬ ಪಿಚರ್ ಇರಲಿಲ್ಲ. ‘ಸರಾಸರಿ ಕಟ್ಟಿಕೊಂಡು ಏನು ಮಾಡ್ತೀರಿ? 254 ಗೆಲುವು ನೋಡಿ! ಗೆಲ್ಲುವುದೇ ಪಿಚರನ ಕೆಲಸ. 1991ರ ವಿಶ್ವ ಸರಣಿಯ ಏಳನೇ ಪಂದ್ಯ ನೋಡಿ! ಹತ್ತು ಇನ್ನಿಂಗ್ಸ್ ಒಬ್ಬನೇ ಎಸೆದ, ಒಂದು ರನ್ ಕೊಡಲಿಲ್ಲ, ಒಂದಕ್ಕೆ ಸೊನ್ನೆಯಲ್ಲಿ ಗೆದ್ದೆವು. ನಾನು ಅಲ್ಲೇ ಇದ್ದೆ.’ ಆ ರಾತ್ರಿ ಅಲ್ಲೇ ಇದ್ದೆವೆಂದು ಹೇಳಿಕೊಳ್ಳುವ ಮಿನಿಸೋಟದವರಿಗೆಲ್ಲ ಜಾಗ ಕೊಡಬೇಕಾದರೆ ಮೂರು ಮೆಟ್ರೊಡೋಮ್ ಕ್ರೀಡಾಂಗಣ ಬೇಕಾಗುತ್ತಿತ್ತು. ಅದಿರಲಿ. ಮಾರಿಸ್ ಒಳಗೆ ಹೋದ.

ಒಂದೂವರೆ ತಿಂಗಳು ಕಳೆಯಿತು. ಪತ್ರಕರ್ತರ ವೋಟಿನ ಫಲಿತಾಂಶ ಬಂತು. ಟ್ವಿನ್ಸ್‌ನ ಯೋಹಾನ್ ಸಂಟಾನಾಗೆ ಬಿದ್ದದ್ದು ನೂರಕ್ಕೆ 2.4. ಮೊದಲ ವರ್ಷವೇ ಪಟ್ಟಿಯಿಂದ ಹೊರಗೆ. ಭುಜ ಕೈಕೊಟ್ಟದ್ದರಿಂದ ಅವನ ಗೆಲುವು 139ಕ್ಕೇ ನಿಂತಿತ್ತು. ಮರುದಿನ ಬೆಳಗ್ಗೆ ಹಿಮವೇ ಬಿದ್ದಿರಲಿಲ್ಲ. ಆದರೂ ವಕೀಲರು ಸಲಿಕೆ ಹಿಡಿದು ಹೊರಗೆ ನಿಂತಿದ್ದರು.

‘ಗೆಲುವು ಕಟ್ಟಿಕೊಂಡು ಏನು ಮಾಡ್ತೀರಿ? ಗೆಲುವು ತಂಡದ್ದು, ಸರಾಸರಿ ಪಿಚರನದ್ದು! 3.20 ನೋಡಿ! 2004ರಲ್ಲಿ ಶ್ರೇಷ್ಠ ಪಿಚರನ ಸೈ ಯಂಗ್ ಪ್ರಶಸ್ತಿ, 2006ರಲ್ಲಿ ಇನ್ನೊಂದು, ಎರಡೂ ಸರ್ವಾನುಮತದಿಂದ. ನಡುವೆ 2005ರಲ್ಲಿ ಕಿತ್ತುಕೊಂಡರು. 21 ಪಂದ್ಯ ಗೆದ್ದ ಅಂತ ಬಾರ್ಟೊಲೊ ಕೊಲೋನ್‌ಗೆ ಕೊಟ್ಟರು. ಸಂಟಾನಾ ಗೆದ್ದದ್ದು 16, ಆದರೆ ಸ್ಟ್ರೈಕ್‌ಔಟ್ 238. ಕೊಲೋನ್‌ದು 157! ಗೆಲುವಿನ ಲೆಕ್ಕ ಅನ್ನೋದೇ ಮೂಢನಂಬಿಕೆ!’

‘ಮೊನ್ನೆ ಮಾರಿಸ್ ವಿಷಯದಲ್ಲಿ…’ ಎಂದು ನಾನು ಎಳೆದೆ.

‘ಅದು ಬೇರೆ ಕೇಸು’ ಎಂದರು. ನ್ಯಾಯಾಧೀಶರು ಕೂಡ ಇಷ್ಟು ಚುಟುಕಾಗಿ ತೀರ್ಪು ಕೊಡಲಾರರು.

ಸಂಟಾನಾ ಕೇಸಿನಲ್ಲಿ ಅವರ ದೊಡ್ಡ ಸಾಕ್ಷಿ ಸ್ಯಾಂಡಿ ಕೋಫ್ಯಾಕ್ಸ್. ಮೊಣಕೈ ಸಂಧಿವಾತದಿಂದ 1966ರಲ್ಲಿ, ಮೂವತ್ತರ ವಯಸ್ಸಿಗೇ ಆಟ ಬಿಟ್ಟ, ಗೆದ್ದದ್ದು ಬರೀ 165. ಆದರೂ 1972ರಲ್ಲಿ, ಮೂವತ್ತಾರಕ್ಕೇ, ಹಾಲ್ ಆಫ್ ಫೇಮಿನ ಅತಿ ಕಿರಿಯನಾಗಿ ಒಳಗೆ ಹೋದ. ‘ಅವನಿಗೆ ಆಗುವುದಾದರೆ ಇವನಿಗೆ ಯಾಕಿಲ್ಲ?’ ವಾದ ಬಲವಾಗಿದೆ. ಆದರೆ ಕೋಫ್ಯಾಕ್ಸ್ ಹೆಸರು ಹೇಳುವಾಗ ವಕೀಲರ ಮುಖ ಕಹಿಯಾಗುತ್ತದೆ. 1965ರ ವಿಶ್ವ ಸರಣಿಯ ಏಳನೇ ಪಂದ್ಯದಲ್ಲಿ, ಇದೇ ಮಿನಿಸೋಟಕ್ಕೆ ಬಂದು, ಎರಡೇ ದಿನದ ವಿಶ್ರಾಂತಿಯಲ್ಲಿ, ಟ್ವಿನ್ಸ್‌ಗೆ ಒಂದೂ ರನ್ ಕೊಡದೆ ಕಪ್ ಒಯ್ದವನು ಆತ. ಅವರಾಗ ಸ್ಕೂಲು ಹುಡುಗ. ತಮ್ಮ ಬಾಲ್ಯ ಹಾಳು ಮಾಡಿದವನನ್ನೇ ಸಾಕ್ಷಿ ಕಟ್ಟೆಗೆ ಕರೆಯಬೇಕಾದ ಸಂಕಟ ಯಾವ ವಕೀಲರಿಗೂ ಬೇಡ.

ಹಾಗಂತ ಬಂದ ಕೇಸನ್ನೆಲ್ಲ ಅವರು ಹಿಡಿಯುವುದಿಲ್ಲ. ರೋಜರ್ ಕ್ಲೆಮೆನ್ಸ್ 354 ಪಂದ್ಯ ಗೆದ್ದವನು, ಏಳು ಸೈ ಯಂಗ್ ಪ್ರಶಸ್ತಿ ಪಡೆದವನು. ಉದ್ದೀಪನ ಮದ್ದಿನ ಕುರಿತ 2007ರ ಮಿಚೆಲ್ ವರದಿಯಲ್ಲಿ ಹೆಸರು ಬಂತು, ಆತ ಅಲ್ಲಗಳೆದ, ಸಂಸತ್ತಿನ ಮುಂದೆ ಸುಳ್ಳು ಹೇಳಿದನೆಂಬ ಆರೋಪದಿಂದ 2012ರಲ್ಲಿ ಖುಲಾಸೆಯೂ ಆಯಿತು. ಹಾಲ್ ಆಫ್ ಫೇಮ್ ಮಾತ್ರ ಒಪ್ಪಲಿಲ್ಲ. ಹತ್ತನೇ ವರ್ಷ, 2022ರಲ್ಲಿ, 65.2ಕ್ಕೆ ನಿಂತ. ಇವನ ಪರ ಯಾಕಿಲ್ಲವೆಂದು ಕೇಳಿದೆ. ‘ಅವನಿಗೆ ದುಡ್ಡು ಕೊಟ್ಟು ನಿಜವಾದ ವಕೀಲರನ್ನೇ ಇಟ್ಟುಕೊಳ್ಳುವ ಶಕ್ತಿ ಇದೆ’ ಎಂದರು.

ಕರ್ಟ್ ಶಿಲ್ಲಿಂಗ್ ಮೇಲಂತೂ ಕೆಂಡ. 2021ರಲ್ಲಿ 71.1ರವರೆಗೆ ಬಂದ, ಹದಿನಾರೇ ವೋಟು ಸಾಲದೆ ಬಂದವು. ಆತ ಸಿಟ್ಟಿನಿಂದ ತನ್ನ ಹೆಸರನ್ನೇ ಪಟ್ಟಿಯಿಂದ ತೆಗೆಯಿರಿ ಎಂದು ಕಾಗದ ಬರೆದ. ತೆಗೆಯಲಿಲ್ಲ, ಮರುವರ್ಷ ವೋಟು ಇಳಿಯಿತು. ‘ಇನ್ನೊಂದು ವರ್ಷ ವಾಯಿದೆ ಇತ್ತು ರೀ! ವಾಯಿದೆ ಇರುವಾಗ ಕೇಸು ಹಿಂತೆಗೆದುಕೊಳ್ಳುವ ಕಕ್ಷಿದಾರನನ್ನು ಕಟ್ಟಿಕೊಂಡು ಹೇಗೆ ಏಗೋದು?’

ಎಲ್ಲಕ್ಕಿಂತ ಅವರಿಗೆ ಆಗದಿರುವುದು ಒಮ್ಮತ. 1936ರ ಮೊದಲ ಆಯ್ಕೆಯಲ್ಲಿ ಬೇಬ್ ರೂತ್‌ನಂಥ ಬೇಬ್ ರೂತ್‌ಗೇ ಹನ್ನೊಂದು ಜನ ವೋಟು ಹಾಕಿರಲಿಲ್ಲ. 511 ಪಂದ್ಯ ಗೆದ್ದ ಸೈ ಯಂಗ್ ಆ ವರ್ಷ ಆಯ್ಕೆಯೇ ಆಗಲಿಲ್ಲ, 1937ರವರೆಗೆ ಕಾದ. ಯಾರ ಹೆಸರಿನಲ್ಲಿ ಪಿಚರ್‌ಗಳಿಗೆ ಪ್ರಶಸ್ತಿ ಕೊಡುತ್ತಾರೋ ಅವನೇ ಬಾಗಿಲಲ್ಲಿ ನಿಂತಿದ್ದ! ಇಂಥ ಘನ ಪರಂಪರೆ ಇರುವ ಕಡೆ, 2019ರಲ್ಲಿ ಪಿಚರ್ ಮರಿಯಾನೊ ರಿವೇರಾಗೆ 425ಕ್ಕೆ 425 ವೋಟು ಬಿದ್ದುಬಿಟ್ಟವು. ಚರಿತ್ರೆಯಲ್ಲೇ ಮೊದಲ ಸರ್ವಾನುಮತ. ಊರೆಲ್ಲ ಚಪ್ಪಾಳೆ ತಟ್ಟಿತು. ವಕೀಲರು ಎರಡು ದಿನ ಹೊರಗೇ ಬರಲಿಲ್ಲ. ‘ಒಬ್ಬರಾದರೂ ಬೇಡ ಅನ್ನಬಾರದಿತ್ತೇ? ಏನು ಜನ!’

ಗೆದ್ದ ಕೇಸು ಅವರಿಗೆ ಹೇಗೆ ಹಿಡಿಸುತ್ತದೆ ಎಂಬುದನ್ನು ಬರ್ಟ್ ಬ್ಲೈಲೆವನ್ ವಿಷಯದಲ್ಲಿ ನೋಡಬೇಕಿತ್ತು. ನೆದರ್ಲೆಂಡ್ಸ್‌ನಲ್ಲಿ ಹುಟ್ಟಿದ, ಕರ್ವ್ ಎಸೆತಕ್ಕೆ ಹೆಸರಾದ ಟ್ವಿನ್ಸ್ ಪಿಚರ್. 3,701 ಸ್ಟ್ರೈಕ್‌ಔಟ್, 287 ಗೆಲುವು. ಮುನ್ನೂರು ಮುಟ್ಟಲಿಲ್ಲವೆಂದು 1998ರಿಂದ ಬಾಗಿಲಲ್ಲಿ ನಿಲ್ಲಿಸಿದ್ದರು. 2010ರಲ್ಲಿ ಐದೇ ವೋಟಿನಿಂದ ತಪ್ಪಿತು. ಆ ವರ್ಷ ವಕೀಲರನ್ನು ನೋಡಲು ಎರಡು ಕಣ್ಣು ಸಾಲದು. ಅಂಚೆಯವನನ್ನು ನಿಲ್ಲಿಸಿ ಹೇಳಿದರು, ಗ್ಯಾಸ್ ರಿಪೇರಿಗೆ ಬಂದವನಿಗೆ ಹೇಳಿದರು, ನಮ್ಮ ಮನೆಗೆ ಬಂದ ಅತ್ತೆಯವರಿಗೂ ಹೇಳಿದರು. ಅತ್ತೆಗೆ ಇಂಗ್ಲಿಷ್ ಬಾರದು. ‘ಪಾಪ, ಆಸ್ತಿ ವ್ಯಾಜ್ಯ ಇರಬೇಕು, ತುಂಬ ನೊಂದಿದ್ದಾರೆ’ ಎಂದು ಮರುಗಿದರು.

ಮರುವರ್ಷ, ಹದಿನಾಲ್ಕನೇ ಸಲಕ್ಕೆ, 79.7 ಬಂದು ಬ್ಲೈಲೆವನ್ ಒಳಗೆ ಹೋದ. ಸಿಹಿ ಹಿಡಿದುಕೊಂಡು ಅಭಿನಂದಿಸಲು ಹೋದರೆ ವಕೀಲರು ಕಿಟಕಿಯ ಹತ್ತಿರ ಸಪ್ಪಗೆ ಕೂತಿದ್ದರು. ಅವರ ಹೆಂಡತಿ ನನ್ನನ್ನು ಅಡುಗೆಮನೆಗೆ ಕರೆದು ಮೆಲ್ಲಗೆ ಹೇಳಿದರು: ‘ಇಷ್ಟು ವರ್ಷ ಊಟದ ಹೊತ್ತಿಗೆ ಬರ್ಟ್ ಇದ್ದ. ಇನ್ನು ನಾವಿಬ್ಬರೇ. ಏನು ಮಾತಾಡೋದು?’ ಪುಣ್ಯಕ್ಕೆ 283 ಗೆಲುವಿನ ಜಿಮ್ ಕಾಟ್ ಇನ್ನೂ ಹೊರಗಿದ್ದ. ಸಂಸಾರ ಉಳಿಯಿತು. 2021ರಲ್ಲಿ ಸಮಿತಿ ಕಾಟ್‌ನನ್ನೂ, ಅವನ ಎಂಬತ್ಮೂರನೇ ವಯಸ್ಸಿಗೆ, ಒಳಗೆ ಕರೆದುಕೊಂಡಿತು. ಅಷ್ಟರಲ್ಲಿ ಸಂಟಾನಾ ಸಿಕ್ಕಿದ್ದ.

ಒಮ್ಮೆ ನಾನೂ ನಮ್ಮೂರಿನ ಕಡತ ಬಿಚ್ಚಿದೆ. ಅನಿಲ್ ಕುಂಬ್ಳೆ, 619 ಟೆಸ್ಟ್ ವಿಕೆಟ್, 1999ರಲ್ಲಿ ದೆಹಲಿಯಲ್ಲಿ ಒಂದೇ ಇನ್ನಿಂಗ್ಸಿನ ಹತ್ತೂ ವಿಕೆಟ್, ಆಂಟಿಗಾದಲ್ಲಿ ಮುರಿದ ದವಡೆಗೆ ಪಟ್ಟಿ ಕಟ್ಟಿಕೊಂಡು ಬೌಲಿಂಗ್. ದವಡೆ ಎಂದಾಗ ಹಳೆಯ ವೃತ್ತಿಯ ಕಾರಣಕ್ಕೆ ಕೊಂಚ ಕಣ್ಣರಳಿತು. ‘ನಿಮ್ಮ ಹಾಲ್ ಆಫ್ ಫೇಮಿನಲ್ಲಿ ಇದ್ದಾರಾ?’ 2015ರಲ್ಲೇ ಐಸಿಸಿ ಸೇರಿಸಿದೆ ಎಂದೆ. ‘ಓ. ಹಾಗಾದರೆ ಕೇಸೇ ಇಲ್ಲ’ ಎಂದು ಸಲಿಕೆ ಎತ್ತಿಕೊಂಡರು.

ಬಿಡಬಾರದೆಂದು ರಾಜಿಂದರ್ ಗೋಯೆಲ್ ಕತೆ ಹೇಳಿದೆ. ಎಡಗೈ ಸ್ಪಿನ್ನರ್, ಪ್ರಥಮ ದರ್ಜೆಯಲ್ಲಿ 750 ವಿಕೆಟ್, ಬಿಷನ್ ಸಿಂಗ್ ಬೇಡಿ ಇದ್ದ ಕಾಲದಲ್ಲಿ ಹುಟ್ಟಿದ ತಪ್ಪಿಗೆ ಒಂದೇ ಒಂದು ಟೆಸ್ಟ್ ಕೂಡ ಆಡಲಿಲ್ಲ. ನಮ್ಮ ಕರ್ನಾಟಕದ ಬಿ. ವಿಜಯಕೃಷ್ಣ ಅವರಿಗೂ ಟೆಸ್ಟ್ ಸಿಗಲಿಲ್ಲ. ಸಲಿಕೆ ಹಿಮದಲ್ಲಿ ನೆಟ್ಟಗೆ ನಿಂತಿತು. ‘ಒಂದೂ ಇಲ್ಲವೇ? 750ಕ್ಕೆ ಒಂದೂ ಇಲ್ಲವೇ?’ ಕ್ರಿಕೆಟ್ ಬ್ಯಾಟಿನ ಆಕಾರ ಗೊತ್ತಿಲ್ಲದ ಮನುಷ್ಯ ಗೋಯೆಲರ ವಕಾಲತ್ತು ಹಿಡಿದುಬಿಟ್ಟರು. ಈಗಲೂ ಎದುರು ಸಿಕ್ಕಾಗ, ‘ಆ ವಿಷಯ ಎಲ್ಲಿಗೆ ಬಂತು? ಯಾರಾದರೂ ಸಮಿತಿಗೆ ಬರೆದರಾ?’ ಎಂದು ವಿಚಾರಿಸುತ್ತಾರೆ.

ಇಷ್ಟೆಲ್ಲ ವಾದಿಸುವ ಇವರಿಗೆ ವೋಟು ಮಾತ್ರ ಇಲ್ಲ. ಅದೊಂದು ಕೊರಗು. ಅದನ್ನು ತೀರಿಸಲೆಂದೇ ಕಳೆದ ಚಳಿಗಾಲದಲ್ಲಿ ಅವರ ಬಾರಿನ ಗೆಳೆಯರು ಅಣಕು ಚುನಾವಣೆ ಇಟ್ಟರು. ಪಟ್ಟಿಯಲ್ಲಿ ಇದ್ದವರೆಲ್ಲ ಹೊರಬಿದ್ದ ಪಿಚರ್‌ಗಳೇ. ನಿಯಮ ಕೂಪರ್ಸ್‌ಟೌನಿನದೇ: ಎಪ್ಪತ್ತೈದು ಬೇಕು, ಡಿಸೆಂಬರ್ 31ರೊಳಗೆ ಚೀಟಿ ಡಬ್ಬಕ್ಕೆ ಬೀಳಬೇಕು. ವಕೀಲರು ತಿಂಗಳಿಡೀ ಬಾರಿನಲ್ಲಿ ಒಬ್ಬೊಬ್ಬರನ್ನೇ ಹಿಡಿದು ಸಂಟಾನಾ ಪರ ವಾದಿಸಿದರು. ಪಾಟೀಸವಾಲಿಗೆ ಹೆದರಿಯೇ ಕೆಲವರು ವೋಟು ಹಾಕಿದರೆಂದು ಕೇಳಿದೆ.

ಎಣಿಸಿದಾಗ ಡಬ್ಬದಲ್ಲಿ ಹತ್ತೊಂಬತ್ತು ಚೀಟಿ, ಸಂಟಾನಾಗೆ ಹದಿನಾಲ್ಕು. ನೂರಕ್ಕೆ 73.7. ಇನ್ನೊಂದು ಚೀಟಿ ಬಿದ್ದಿದ್ದರೆ ಇಪ್ಪತ್ತಕ್ಕೆ ಹದಿನೈದು, ಸರಿಯಾಗಿ ಎಪ್ಪತ್ತೈದು. ಆ ಇಪ್ಪತ್ತನೆಯ ಚೀಟಿ ಮುಂದಿನ ಸಲ ವಕೀಲರ ಕೋಟನ್ನು ಡ್ರೈಕ್ಲೀನಿಂಗಿಗೆ ಕೊಡುವಾಗ ಅವರ ಹೆಂಡತಿಗೆ ಸಿಕ್ಕಿತು. ಸಂಟಾನಾ ಹೆಸರಿಗೆ ಗುರುತು ಹಾಕಿ ಮಡಿಚಿಟ್ಟಿದ್ದರು. ವಾದದ ಗಲಾಟೆಯಲ್ಲಿ ಡಬ್ಬಕ್ಕೆ ಹಾಕುವುದೇ ಮರೆತಿದ್ದರೋ, ಗೆದ್ದುಬಿಟ್ಟರೆ ಮುಂದೇನು ಎಂದು ಅಳುಕಿದ್ದರೋ, ಆಕೆ ಕೇಳಲಿಲ್ಲ. ಮೂವತ್ತಾರು ವರ್ಷದ ದಾಂಪತ್ಯ, ಯಾವ ಪ್ರಶ್ನೆ ಕೇಳಬಾರದೆಂದು ಆಕೆಗೆ ಗೊತ್ತು.

ವಕೀಲರು ಮಾತ್ರ ಆ ಫಲಿತಾಂಶ ಬಂದಾಗಿನಿಂದ ಹತ್ತು ವರ್ಷ ಚಿಕ್ಕವರಾಗಿದ್ದಾರೆ. ‘ಒಂದೇ ಒಂದು ವೋಟು! ಸ್ವಂತ ಊರಿನಲ್ಲೇ ಈ ಅನ್ಯಾಯ!’ ಎಂದು ಬೀದಿಗೆಲ್ಲ ಸಾರುತ್ತಿದ್ದಾರೆ. ವೋಟು ಹಾಕದ ಆ ಪುಣ್ಯಾತ್ಮ ಯಾರೆಂದು ಪತ್ತೆ ಹಚ್ಚಲು ತನಿಖೆ ಆಗಬೇಕೆಂದೂ ಒತ್ತಾಯಿಸಿದ್ದಾರೆ.